ಚಿಕ್ಕಪ್ಪನ ಜೋಕಿನ ತುದಿ ಜಾರಿದ ಶ್ರಾವಣ

ಹೋದ ವಾರ ಗಾಂಧಿ ಬಜಾರಿಗೆ ಬಾಳೆಎಲೆ ತರಲು ಹೋದವಳು ಮಳೆ ಜೋರಾಯಿತೆಂದು ಟೀವಿ ರಿಪೇರಿ ಅಂಗಡಿಯೊಂದರ ಸೂರಿನಡಿ ನಿಂತೆ. ಒಳಗೆ ಒಬ್ಬರು ಹಳೆಯ ಡಬ್ಬಾ ಟೀವಿಯ ಬೆನ್ನು ಬಿಚ್ಚಿ ಚಾಲೂ ಮಾಡಿಟ್ಟಿದ್ದರು. ಅಂಥ ಪೆಟ್ಟಿಗೆಗಳ ಹೊಟ್ಟೆಯಲ್ಲಿ ಕೂತ ಧೂಳು ಬಿಸಿಯಾದಾಗ ಒಂದು ವಾಸನೆ ಬರುತ್ತದೆ. ಸುಟ್ಟ ವಾಸನೆಯಲ್ಲ, ಬಿಸಿ ಇಸ್ತ್ರಿ ಪೆಟ್ಟಿಗೆಯನ್ನು ಹಳೆ ಪುಸ್ತಕದ ಮೇಲಿಟ್ಟರೆ ಬರಬಹುದಾದಂಥದ್ದು. ಪಕ್ಕದಲ್ಲೇ ಸೇವಂತಿಗೆ ಹೂವಿನ ಬುಟ್ಟಿ. ಎರಡೂ ಬೆರೆತು ಮೂಗಿಗೆ ಬಡಿದದ್ದೇ ತಡ, ನಾನು ಆ ಶ್ರಾವಣಕ್ಕೆ ಹೋಗಿಬಿಟ್ಟೆ. ಶೇಷು ಚಿಕ್ಕಪ್ಪನ ನಡುಮನೆ, ಊಟದ ಮೇಜಿನ ಮೇಲೆ ಹಸಿರು ಅಕ್ಷರ ಉಗುಳುತ್ತಿದ್ದ ನನ್ನ ಹಳೆಯ ಕಂಪ್ಯೂಟರ್ ಟರ್ಮಿನಲ್ಲು, ಅದರ ಮುಂದೆ ಮುಖ ಊದಿಸಿಕೊಂಡು ಕೂತ ನಾನು. ಮಳೆ ನಿಂತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಬಾಳೆಎಲೆ ಮರೆತು ಮನೆಗೆ ಬಂದೆ.

ಶೇಷು ಚಿಕ್ಕಪ್ಪ ಎಂದರೆ ನನ್ನ ಅಮ್ಮನ ತಂಗಿ ಲಲಿತ ಚಿಕ್ಕಮ್ಮನ ಗಂಡ. ನೌಕರಿಯುದ್ದಕ್ಕೂ ಔಷಧಿ ಕಂಪನಿಯೊಂದರ ರೆಪ್ರೆಸೆಂಟೇಟಿವ್ ಆಗಿದ್ದವರು. ಚರ್ಮದ ಬ್ಯಾಗು ಹಿಡಿದು ತುಮಕೂರು, ಹಾಸನ, ಚಿತ್ರದುರ್ಗದ ಕಡೆಯ ಊರೂರು ಸುತ್ತಿ, ಡಾಕ್ಟರುಗಳ ಬಾಗಿಲಲ್ಲಿ ಗಂಟೆಗಟ್ಟಲೆ ಕಾದು, ಕಾದಲ್ಲೆಲ್ಲ ಕತೆ ಹೆಕ್ಕಿಕೊಂಡು ಬಂದವರು. ಮಾತ್ರೆ ಎಷ್ಟು ಮಾರಿದರೋ ಗೊತ್ತಿಲ್ಲ, ಮಾತಂತೂ ಧಾರಾಳವಾಗಿ ಹಂಚಿದರು. ಬಸವನಗುಡಿಯ ಅವರ ರಸ್ತೆಯಲ್ಲಿ ಗಣಪತಿ ಕೂರಿಸಿದರೆ ಮೂರನೆಯ ದಿನದ ಸಂಜೆ ಇಪ್ಪತ್ತು ನಿಮಿಷ ಅವರದ್ದೇ. ಕರಪತ್ರದಲ್ಲಿ 'ಶೇಷಣ್ಣನ ಮಾತು' ಎಂದಷ್ಟೇ ಇರುತ್ತಿತ್ತು. ಆರ್ಕೆಸ್ಟ್ರಾಕ್ಕೆ ಬರದವರೂ ಅದಕ್ಕೆ ಮನೆಯಿಂದ ಚಾಪೆ ತಂದು ಜಾಗ ಹಿಡಿಯುತ್ತಿದ್ದರು.

ಆ ವರ್ಷದ ಚಳಿಗಾಲದಲ್ಲಿ ಅವರ ಗಂಟಲಿನ ಆಪರೇಷನ್ ಆಯಿತು. ಕಾಯಿಲೆಯನ್ನು ಪೂರ್ತಿ ತೆಗೆದೆವು ಎಂದರು ಡಾಕ್ಟರು. ಅದರ ಜೊತೆಗೆ ಧ್ವನಿಪೆಟ್ಟಿಗೆಯೂ ಹೋಯಿತು. ಯುಗಾದಿಯ ಹೊತ್ತಿಗೆ ಚಿಕ್ಕಪ್ಪ ಎಂದಿನಂತೆ ಬ್ಯೂಗಲ್ ರಾಕ್ ಪಾರ್ಕಿಗೆ ವಾಕಿಂಗ್ ಹೋಗತೊಡಗಿದರು, ತೂಕವೂ ವಾಪಸ್ ಬಂತು, ಕುತ್ತಿಗೆಗೆ ಒಂದು ತೆಳು ಸ್ಕಾರ್ಫ್ ಬಂತು. ಕುತ್ತಿಗೆಗೆ ಒತ್ತಿ ಹಿಡಿದರೆ ಮಾತು ಹೊರಡಿಸುವ ಯಂತ್ರವೊಂದನ್ನು ತರಿಸಿಕೊಟ್ಟೆವು. ಒಂದು ಸಲ ಬಳಸಿ, ಹಿಟ್ಟಿನ ಗಿರಣಿ ಜೋಕು ಹೇಳಿದ ಹಾಗಿದೆ ಎಂದು ಬರೆದು ತೋರಿಸಿ ಅಲಮಾರಿಗೆ ಸೇರಿಸಿದರು. ಫೋನಿನಲ್ಲಿ ಬರೆದದ್ದನ್ನು ಓದಿ ಹೇಳುವ ಹೆಂಗಸಿನ ಧ್ವನಿಯನ್ನೂ ಹಾಕಿಕೊಟ್ಟೆ. ಅವಳು ಬಸ್ ಸ್ಟ್ಯಾಂಡಿನಲ್ಲಿ ಅನೌನ್ಸ್ ಮಾಡುವವಳಂತೆ ಒಂದೇ ಉಸಿರಿಗೆ ಜೋಕು ಮುಗಿಸಿದಳು. ಕೊನೆಗೆ ಉಳಿದದ್ದು ಮಕ್ಕಳ ಸ್ಲೇಟು, ಬಳಪ.

ಸ್ಲೇಟಿನದು ಬೇರೆಯೇ ಗೋಳು. ಧ್ವನಿ ಹೋದದ್ದನ್ನು ಚಿಕ್ಕಪ್ಪ ಹೇಗೋ ನುಂಗಿಕೊಂಡಿದ್ದರು. ನುಂಗಲು ಆಗದೆ ಇದ್ದದ್ದು ಯಾರೂ ತಮಗಾಗಿ ಕಾಯುವುದಿಲ್ಲ ಎಂಬುದನ್ನು. ಅವರು ಅರ್ಧ ಬರೆಯುವಷ್ಟರಲ್ಲಿ ಎದುರಿಗಿದ್ದವರು ಉಳಿದರ್ಧ ಊಹಿಸಿ ಹೇಳಿಬಿಡುತ್ತಿದ್ದರು. ಎಲ್ಲ ಒಳ್ಳೆಯ ಮನಸ್ಸಿನಿಂದಲೇ, ಪಾಪ, ಅವರಿಗೆ ಕಷ್ಟ ಕೊಡಬಾರದೆಂದು. ನಾನೂ ಹಾಗೇ ಮಾಡುತ್ತಿದ್ದೆ. ಊಹೆ ತಪ್ಪಿದರೆ ಚಿಕ್ಕಪ್ಪ ಅಳಿಸಿ ಮತ್ತೆ ಬರೆಯುತ್ತಿದ್ದರು, ಬರಬರುತ್ತ ಅಳಿಸುವುದನ್ನೂ ಬಿಟ್ಟು ತಲೆಯಾಡಿಸಿ ಸುಮ್ಮನಾಗುತ್ತಿದ್ದರು.

ಆಷಾಢ ಮುಗಿಯುವ ಹೊತ್ತಿಗೆ ಗಣಪತಿ ಕಮಿಟಿಯ ಮಂಜಣ್ಣ ಬಂದ. ಹಿಂದಿನ ರಸ್ತೆಯಲ್ಲಿ ಶಾಮಿಯಾನ, ಪಾತ್ರೆ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಅವನದು. ಮುಂದಿನ ಕಾರ್ಪೊರೇಷನ್ ಚುನಾವಣೆಗೆ ನಿಲ್ಲುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದರು, ಅವನೂ ಹೇಳುತ್ತಿದ್ದ. ಒಳ್ಳೆಯ ಮನುಷ್ಯ.

"ಶೇಷಣ್ಣ, ಈ ಸಲ ನಿಮ್ಗೆ ಯಾವ ತಾಪತ್ರಯಾನೂ ಬೇಡ. ಮೂರನೇ ದಿನ ಸಾಯಂಕಾಲ ನಿಮ್ಗೊಂದು ಸನ್ಮಾನ ಇಟ್ಕೊಂಡಿದೀವಿ. ಹಾರ, ಶಾಲು, ಮೈಸೂರು ಪೇಟ. ಸುಮ್ನೆ ಬಂದು ಕೂತ್ಕೊಂಡ್ರೆ ಸಾಕು," ಎಂದ.

ಚಿಕ್ಕಪ್ಪ ಸ್ಲೇಟು ಎತ್ತಿಕೊಂಡು 'ಶಾಲು ಹೊದಿಸೋದು' ಎಂದು ಬರೆದರು.

"ಹಿರಿಯರಿಗೆ! ಮತ್ತೆ? ನೀವು ಹಿರಿಯರಲ್ವಾ?" ಎಂದ ಮಂಜಣ್ಣ.

ಚಿಕ್ಕಪ್ಪ ಬಳಪ ಎತ್ತಿದ್ದವರು ಅವನ ಮುಖವನ್ನೇ ನೋಡಿ, ಮುಂದಿನ ಪದ ಬರೆದು ಸ್ಲೇಟು ತಿರುಗಿಸಿದರು. 'ಮುಗಿದೋರಿಗೆ.'

"ಅಯ್ಯಯ್ಯೋ, ಬಿಡ್ತು ಅನ್ನಿ ಶೇಷಣ್ಣ!"

'ನಂಗೆ ನನ್ನ ಇಪ್ಪತ್ತು ನಿಮಿಷ ಬೇಕು.'

ಮಂಜಣ್ಣ ಚಿಕ್ಕಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ. ಕೊನೆಗೆ ನನ್ನನ್ನು ಗೇಟಿನ ಹತ್ತಿರ ಕರೆದುಕೊಂಡು ಹೋಗಿ ಹೇಳಿದ. "ಮೇಡಂ, ನಂಗೂ ಆಸೆ ಇದೆ. ಆದ್ರೆ ಅವ್ರು ಸ್ಟೇಜ್ ಮೇಲೆ ಸ್ಲೇಟ್ ಹಿಡ್ಕೊಂಡು ನಿಂತ್ರೆ ಜನ ನಗಲ್ಲ, ಅಯ್ಯೋ ಪಾಪ ಅಂತ ಅತ್ಬಿಡ್ತಾರೆ. ಆ ಮನುಷ್ಯಂಗೆ ಅದನ್ನ ನೋಡೋಕಾಗತ್ತಾ?" ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನನ್ನ ಕೆಲಸ ಲಿಫ್ಟುಗಳ ಒಳಗಿನ ಪ್ರೋಗ್ರಾಂ ಬರೆಯುವುದು. ನನ್ನ ಹುಚ್ಚು ಹಳೆಯ ಕಂಪ್ಯೂಟರುಗಳು. ಚಾಮರಾಜಪೇಟೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಗುಜರಿಯಿಂದ ತಂದ ಪೆಟ್ಟಿಗೆಗಳು ತುಂಬಿದ್ದವು. ಆ ಪೈಕಿ ಒಂದು ಕನ್ನಡ ಟರ್ಮಿನಲ್ಲು. ಟರ್ಮಿನಲ್ ಎಂದರೆ ಸ್ವಂತ ಬುದ್ಧಿ ಹೆಚ್ಚಿಲ್ಲದ, ವೈರಿನಲ್ಲಿ ಬಂದ ಅಕ್ಷರಗಳನ್ನು ಪರದೆಯ ಮೇಲೆ ಮೂಡಿಸುವುದಷ್ಟೇ ಗೊತ್ತಿರುವ ಹಳೆಯ ಕಾಲದ ಯಂತ್ರ. ಇದನ್ನು ಒಂದಾನೊಂದು ಕಾಲದಲ್ಲಿ ಸರ್ಕಾರಿ ಕಚೇರಿಗೆಂದು ಮಾಡಿದ್ದಿರಬೇಕು. ಅದೇ ವಯಸ್ಸಿನ ಒಂದು ಕಂಪ್ಯೂಟರಿನಿಂದ ಇದಕ್ಕೆ ಅಕ್ಷರ ಕಳಿಸಲು ನಾನೇ ಒಂದು ಪ್ರೋಗ್ರಾಂ ಬರೆದಿದ್ದೆ. ಅದರಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ನನ್ನ ಗಂಡ ಆಗಾಗ ನೆನಪಿಸುತ್ತಿದ್ದರು.

ಶ್ರಾವಣದ ಮೊದಲ ಭಾನುವಾರ ಚಿಕ್ಕಪ್ಪ, ಚಿಕ್ಕಮ್ಮ ನಮ್ಮಲ್ಲಿ ಊಟಕ್ಕೆ ಬಂದಿದ್ದರು. ಊಟವಾದ ಮೇಲೆ ಚಿಕ್ಕಪ್ಪ ಮಹಡಿಗೆ ಬಂದರು. ನಾನು ಪೇಪರಿನ ಯಾವುದೋ ಸುದ್ದಿಯನ್ನು ಟರ್ಮಿನಲ್ಲಿಗೆ ಕಳಿಸುತ್ತಿದ್ದೆ. ಅದು ಕನ್ನಡ ಬರೆಯುವುದನ್ನು ನೋಡಬೇಕು. ಮೊದಲು 'ಕ' ಬರುತ್ತದೆ, ಅದಕ್ಕೆ ತಲೆಕಟ್ಟು ಬದಲಾಗಿ ದೀರ್ಘ ಸೇರುತ್ತದೆ, ಆಮೇಲೆ ಕೆಳಗೆ ಒತ್ತು ಇಳಿಯುತ್ತದೆ. ಸಾದಾ ಅಕ್ಷರ ಬೇಗ, ಒತ್ತಕ್ಷರ ನಿಧಾನ. ಸಾಲು ಮುಗಿದರೆ ಏದುಸಿರು ಬಿಟ್ಟಂತೆ ಒಂದು ಗಳಿಗೆ ನಿಂತು ಮುಂದಿನ ಸಾಲಿಗೆ ಹೋಗುತ್ತದೆ. ಚಿಕ್ಕಪ್ಪ ಕುರ್ಚಿ ಎಳೆದುಕೊಂಡು ಕೂತು, ಪೂರ್ತಿ ಸುದ್ದಿ ಮುಗಿಯುವ ತನಕ ಅಲುಗಾಡದೆ ನೋಡಿದರು.

ಸ್ಲೇಟಿನಲ್ಲಿ ಬರೆದರು. 'ಲೇ, ಇದು ಮಾತಾಡತ್ತೆ.'

"ಇಷ್ಟು ನಿಧಾನ ಬೇಕು ಅಂದ್ರೆ ಲ್ಯಾಪ್‌ಟಾಪಲ್ಲೇ ಮಾಡ್ಕೊಡ್ತೀನಿ ಚಿಕ್ಕಪ್ಪ, ಈ ಡಬ್ಬ ಯಾಕೆ?"

'ಅದು ನಿಧಾನಕ್ಕೆ ಹೋಗೋ ಥರ ನಾಟಕ ಮಾಡತ್ತೆ. ಇದಕ್ಕೆ ನಿಜವಾಗ್ಲೂ ಕಷ್ಟ ಆಗ್ತಿದೆ. ಮನುಷ್ಯರ ಥರ. ಇದನ್ನ ನಿಲ್ಲಿಸೋಕೆ ಆಗತ್ತಾ, ಮಧ್ಯದಲ್ಲಿ? ನಂಗೆ ಬೇಕಾದಾಗ?'

ಈ ಸಲ ನಾನು ಅಡ್ಡ ಬಾಯಿ ಹಾಕದೆ ಕೊನೆಯ ಪದದವರೆಗೂ ಓದಿದೆ. ಜೋಕು ಹೇಳುವವನಿಗೆ ಬೇಕಾದದ್ದು ಎರಡೇ ಎಂದು ಆಮೇಲೆ ಅವರು ವಿವರಿಸಿ ಬರೆದರು. ಕೇಳುವವರಿಗೆ ಮುಂದಿನ ಮಾತು ಮುಂಚೆಯೇ ಕಾಣಬಾರದು. ಕೊನೆಯ ಮಾತಿಗೆ ಮೊದಲು ಒಂದು ಸಲ ನಿಲ್ಲಲು ಬಿಡಬೇಕು. ಸ್ಲೇಟು ಈ ಎರಡನ್ನೂ ಕಿತ್ತುಕೊಂಡಿತ್ತು. ನನಗೆ ಒಮ್ಮೆಲೇ ಉತ್ಸಾಹ ಬಂತು. "ಅದೇನು ಮಹಾ, ಒಂದು ಭಾನುವಾರದ ಕೆಲಸ," ಎಂದೆ. ಈ ಮಾತನ್ನು ನಾನು ಬದುಕಿನಲ್ಲಿ ಬಹಳ ಸಲ ಹೇಳಿದ್ದೇನೆ, ಒಮ್ಮೆಯೂ ನಿಜವಾಗಿಲ್ಲ.

ಕಂಪ್ಯೂಟರು, ಟರ್ಮಿನಲ್ಲು ಎರಡನ್ನೂ ಆಟೋದಲ್ಲಿ ಹೇರಿಕೊಂಡು ಚಿಕ್ಕಪ್ಪನ ಮನೆಗೆ ಸಾಗಿಸಿದೆವು. ಉದ್ದದ ವೈರು ಬೇಕಾಗಿ ನಗರ್ತಪೇಟೆಯ ಸಂದಿಗೊಂದಿ ಅಲೆದು ತಂದೆ. ಊಟದ ಮೇಜು ನಮ್ಮ ಪಾಲಾಯಿತು. ಚಿಕ್ಕಮ್ಮ ಆ ಶ್ರಾವಣವಿಡೀ ಎಲ್ಲರಿಗೂ ನೆಲದ ಮೇಲೆ ಎಲೆ ಹಾಕಿದರು. "ಇದು ಯಾಕೆ ತಡೆದು ತಡೆದು ಬರ್ತಿದೆ?" ಎಂದು ಅವರು ಕೇಳಿದಾಗ ನಾನು ಹೇಳಿದೆ. "ಟರ್ಮಿನಲ್ ಪಂಕ್ತೀಲಿ ಊಟಕ್ಕೆ ಕೂತಿದೆ ಅಂದ್ಕೊಳ್ಳಿ ಚಿಕ್ಕಮ್ಮ. ಕಂಪ್ಯೂಟರ್ ಬಡಿಸ್ತಿದೆ. ಎಲೆ ತುಂಬ್ತಾ ಬಂದ್ರೆ ಟರ್ಮಿನಲ್ ವಾಪಸ್ 'ಸಾಕು' ಅನ್ನತ್ತೆ, ಕಂಪ್ಯೂಟರ್ ನಿಲ್ಲಿಸತ್ತೆ. ಎಲೆ ಖಾಲಿ ಆದ್ಮೇಲೆ 'ಹಾಕಿ' ಅನ್ನತ್ತೆ, ಮತ್ತೆ ಬಡಿಸತ್ತೆ."

"ಸಾಕು ಅಂದ್ಮೇಲೂ ಎರಡು ಸೌಟು ಹಾಕ್ದಿದ್ರೆ ಅದೇನು ಬಡಿಸೋದು?" ಎಂದರು ಚಿಕ್ಕಮ್ಮ.

ಹೀಗೆ ಸಾಕು, ಹಾಕಿ ಎನ್ನುತ್ತ ಎರಡು ಯಂತ್ರಗಳು ಹೊಂದಿಕೊಂಡು ಹೋಗುವುದು ಮೊದಲೇ ಸರಿಯಾಗಿತ್ತು. ನಾನು ಸೇರಿಸಬೇಕಾಗಿದ್ದದ್ದು ಚಿಕ್ಕಪ್ಪನ 'ತಡಿ'. ಕಂಪ್ಯೂಟರಿನ ಕೀಬೋರ್ಡಿನ ಬಲತುದಿಯ ದೊಡ್ಡ ಪ್ಲಸ್ ಕೀಯನ್ನು ಅದಕ್ಕೆಂದು ಇಟ್ಟೆ. ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಅಕ್ಷರ ಹೋಗಬಾರದು, ಬೆರಳೆತ್ತಿದರೆ ಮುಂದುವರಿಯಬೇಕು. ಚಿಕ್ಕಪ್ಪ ತಮ್ಮ ಮಾತನ್ನೆಲ್ಲ ಮೊದಲೇ ಟೈಪು ಮಾಡಿಡುತ್ತಿದ್ದರು. ಸ್ಟೇಜಿನ ಮೇಲೆ ಅವರ ಕೆಲಸ ಬೆರಳು ಇಡುವುದು, ಎತ್ತುವುದು, ಮುಖದಲ್ಲಿ ಉಳಿದದ್ದನ್ನು ಹೇಳುವುದು.

ಮೊದಲ ದಿನವೇ ಒಂದು ತೊಡಕು ಕಂಡಿತು. ಬೆರಳಿಟ್ಟ ತಕ್ಷಣ ಪರದೆ ನಿಲ್ಲುತ್ತಿರಲಿಲ್ಲ. ಆಗಲೇ ಟರ್ಮಿನಲ್ಲಿನ ಹೊಟ್ಟೆ ಸೇರಿದ್ದ ಒಂದಷ್ಟು ಅಕ್ಷರ ಇನ್ನೂ ಮೂಡುತ್ತಿದ್ದವು. ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ಚಿಕ್ಕಪ್ಪ ಸ್ಲೇಟಿನಲ್ಲಿ ಬರೆದರು. 'ನಿಲ್ಲು ಅಂದ್ಮೇಲೂ ಸ್ವಲ್ಪ ಬಡಬಡಿಸತ್ತೆ, ಅಷ್ಟೇ ತಾನೆ? ಬಡಬಡಿಸ್ಲಿ. ಬಡಬಡಿಸೋಕೆ ಏನಾದ್ರೂ ಕೊಡೋಣ.' ಕೊನೆಯ ಮಾತಿಗೆ ಮೊದಲು ಅಲ್ಲಲ್ಲಿ 'ಆಮೇಲೆ ಏನಾಯ್ತು ಅಂದ್ರೆ, ಇವ್ರೇ, ನೀವು ನಂಬಲ್ಲ' ಎಂದು ಸೇರಿಸಿದರು. ಬೆರಳಿಟ್ಟ ಮೇಲೆ ಜಾರುವುದು ಈ ಖಾಲಿ ಮಾತು ಮಾತ್ರ. ಬಾಯಲ್ಲಿ ಹೇಳುವಾಗಲೂ ಅವರು ಹಾಗೇ ಹೇಳುತ್ತಿದ್ದರು. ಕೇಳಿ ಕೇಳಿ ನಮಗೆ ಬೇಜಾರು ಬಂದಿದ್ದ ಆ ಮಾತುಗಳ ಉಪಯೋಗ ನನಗೆ ಅಂದು ತಿಳಿಯಿತು.

ಅಲ್ಲಿಂದ ಮುಂದೆ ಶುರುವಾಯಿತು ನಿಜವಾದ ಪೀಡೆ.

ಚಿಕ್ಕಪ್ಪನ ದೊಡ್ಡ ಕತೆ ಒಂದಿತ್ತು. ಒಂದೂರಿನ ಡಾಕ್ಟರು ರೆಪ್ರೆಸೆಂಟೇಟಿವ್‌ಗಳನ್ನು ಒಳಗೇ ಬಿಡುವುದಿಲ್ಲ. ಚಿಕ್ಕಪ್ಪ ಉಪಾಯ ಮಾಡಿ ರೋಗಿಯಂತೆ ಚೀಟಿ ಪಡೆದು ಬೆಂಚಿನಲ್ಲಿ ಕೂರುತ್ತಾರೆ. ಪಕ್ಕದ ಅಜ್ಜಿ ಏನು ಕಾಯಿಲೆ ಎನ್ನುತ್ತಾಳೆ. ಕಾಯಿಲೆ ಇಲ್ಲ, ಔಷಧಿ ಮಾರೋಕೆ ಬಂದಿದೀನಿ. ಅಜ್ಜಿಯೂ ಗುಟ್ಟಾಗಿ ಹೇಳುತ್ತಾಳೆ, ನಂಗೂ ಏನಿಲ್ಲಪ್ಪ, ತುಪ್ಪ ಮಾರೋಕೆ ಬಂದಿದೀನಿ. ಅವಳ ಪಕ್ಕದವನು ಮದುವೆಗೆ ಕರೆಯಲು ಬಂದವನು. ಅವನ ಪಕ್ಕದವನು ಮಳೆಗೆ ನಿಂತವನು. ಹೀಗೆ ಬೆಂಚಿನುದ್ದಕ್ಕೂ ಕೇಳುತ್ತ ಹೋದರೆ ಒಬ್ಬರಿಗೂ ಕಾಯಿಲೆಯಿಲ್ಲ. ಕೊನೆಯಲ್ಲಿ ಮಫ್ಲರ್ ಸುತ್ತಿಕೊಂಡು ನಡುಗುತ್ತ ಕೂತವರೊಬ್ಬರು. ನೀವ್ಯಾಕೆ ಬಂದಿದೀರಿ ಸ್ವಾಮಿ ಎಂದರೆ, ಆಮೇಲೆ ಏನಾಯ್ತು ಅಂದ್ರೆ, ಇವ್ರೇ, ನೀವು ನಂಬಲ್ಲ. ಇಲ್ಲಿ ಬೆರಳು. 'ನಾನೇ ರೀ ಡಾಕ್ಟ್ರು. ಜ್ವರ ಬಂದಿದೆ. ಕಾಂಪೌಂಡರು ಯಾವಾಗ ಕರೀತಾನೋ ಅಂತ ಕಾಯ್ತಿದೀನಿ.'

ನಾನು ಎಷ್ಟು ಸಲ ಮಾಡಿ ನೋಡಿದರೂ ಸರಿಯಾಗಿ ನಿಲ್ಲುತ್ತಿತ್ತು, ಸರಿಯಾಗಿ ಹೊರಡುತ್ತಿತ್ತು. ಚಿಕ್ಕಪ್ಪ ಕೂತರೆ, ಅವರ ಬೆರಳು ಕೀಯ ಮೇಲೇ ಇರುವಾಗ, ಪರದೆ ತಂತಾನೇ 'ನಾನೇ ರೀ ಡಾಕ್ಟ್ರು' ಎಂದು ಒದರಿಬಿಡುತ್ತಿತ್ತು. ಸಣ್ಣ ಜೋಕುಗಳಿಗೆ ಹಾಗಾಗುತ್ತಿರಲಿಲ್ಲ. ಉದ್ದಕ್ಕೆ ಎಳೆದುಕೊಂಡು ಹೋಗಿ, ಕೇಳುವವರನ್ನು ತುದಿಗೆ ತಂದು ನಿಲ್ಲಿಸಿದ ಕತೆಗೇ ಹಾಗಾಗಬೇಕು. ಹೊಟ್ಟೆಕಿಚ್ಚಿನ ನೆಂಟನೊಬ್ಬ ಪಕ್ಕದಲ್ಲಿ ಕೂತು ಕೊನೆಯ ಮಾತನ್ನು ಮೊದಲೇ ಹೇಳಿದ ಹಾಗೆ.

ನಾನು ವೈರು ಬದಲಿಸಿದೆ. ಕೀ ಬಿಚ್ಚಿ ಒರೆಸಿದೆ. ಮಳೆಯ ತೇವಕ್ಕೆ ಇರಬೇಕೆಂದು ಚಿಕ್ಕಮ್ಮ ಕಂಪ್ಯೂಟರಿನ ಪಕ್ಕದಲ್ಲಿ ಸಾಂಬ್ರಾಣಿ ಹೊಗೆ ಹಾಕಿದರು, ಮನೆಗೆ ಒಳ್ಳೆಯ ವಾಸನೆ ಬಂತು. "ಚಿಕ್ಕಪ್ಪ, ನಿಮ್ಮ ಬೆರಳು ಸಡಿಲ ಆಗ್ತಿರ್ಬೇಕು ನೋಡಿ," ಎಂದೂ ಅಂದುಬಿಟ್ಟೆ. ಅವರು ಸ್ಲೇಟು ಎತ್ತಲೂ ಇಲ್ಲ, ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದು ತೋರಿಸಿದರು. ಒತ್ತಿ ಒತ್ತಿ ತುದಿ ಕೆಂಪಗಾಗಿತ್ತು.

ಇಷ್ಟರಲ್ಲಿ ಮಂಜಣ್ಣ ನೋಡಲು ಬಂದ. ಸೋಮವಾರ ಕರಪತ್ರ ಪ್ರಿಂಟಿಗೆ ಹೋಗುವುದಿತ್ತು. ಶನಿವಾರ ಸಂಜೆ ಅವನು ಕುರ್ಚಿಯ ತುದಿಗೆ ಕೂತು ಪರದೆ ನೋಡಿದ. ಅಜ್ಜಿಯ ತುಪ್ಪಕ್ಕೆ ನಕ್ಕ. ಮಳೆಗೆ ನಿಂತವನಿಗೆ ಜೋರಾಗಿ ನಕ್ಕ. ನನಗೆ ಆಸೆ ಚಿಗುರಿತು. ಮಫ್ಲರಿನವನು ಬಂದ, ಚಿಕ್ಕಪ್ಪ ಬೆರಳಿಟ್ಟು ಮಂಜಣ್ಣನ ಕಡೆ ತಿರುಗಿ ಹುಬ್ಬು ಏರಿಸಿದರು. ಅವರ ಬೆನ್ನ ಹಿಂದೆ ಪರದೆ ಡಾಕ್ಟರನ್ನೂ ಜ್ವರವನ್ನೂ ಕಾಂಪೌಂಡರನ್ನೂ ಕಕ್ಕಿ ಮುಗಿಸಿತ್ತು. ಚಿಕ್ಕಪ್ಪನಿಗೆ ಅದು ಗೊತ್ತಿಲ್ಲ. ಹುಬ್ಬು ಏರಿಸಿಕೊಂಡೇ ಇದ್ದಾರೆ. ಮಂಜಣ್ಣ ನಗಬೇಕೋ ಬೇಡವೋ ತಿಳಿಯದೆ ನೆಲ ನೋಡಿದ.

"ಚೆನ್ನಾಗಿದೆ ಶೇಷಣ್ಣ. ತುಂಬಾ ಚೆನ್ನಾಗಿದೆ," ಎಂದ. ಇಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನನಗೆ ಮಾತ್ರ ಕೇಳುವಂತೆ, "ಸನ್ಮಾನ ಅಂತಾನೇ ಹಾಕಿಸ್ಬಿಡ್ಲಾ ಮೇಡಂ?" ಎಂದ. "ಸೋಮವಾರದ ತನಕ ತಡೀರಿ," ಎಂದೆ. ನನ್ನ ಧ್ವನಿ ನನಗೇ ನಂಬಿಕೆಯಾಗುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ನನ್ನ ಹತ್ತಿರವಿದ್ದ ಒಂದು ಸಣ್ಣ ಪೆಟ್ಟಿಗೆಯನ್ನು ವೈರಿನ ಮಧ್ಯೆ ಜೋಡಿಸಿದೆ. ಟರ್ಮಿನಲ್ ಕಡೆಯಿಂದ ಏನಾದರೂ ವಾಪಸ್ ಬಂದರೆ ಅದರಲ್ಲಿ ಒಂದು ಕೆಂಪು ದೀಪ ಮಿಣುಕುತ್ತದೆ. ಕತೆ ಓಡಿಸಿದೆ, ಕೀ ಒತ್ತಿದೆ, ಬಿಟ್ಟೆ. ಎಲ್ಲ ಸರಿ. ಮತ್ತೆ ಓಡಿಸಿದೆ, ಮತ್ತೆ ಸರಿ. ಚಿಕ್ಕಪ್ಪ ಕಾಫಿ ಲೋಟ ಹಿಡಿದು ಹಿಂದೆ ನಿಂತು ನೋಡುತ್ತಿದ್ದವರು, ಲೋಟ ಕೆಳಗಿಟ್ಟು ಬರೆದರು.

'ನೀನು ಎಷ್ಟು ಹೊತ್ತು ಹಿಡೀತೀಯ?'

"ಒಂದು ಸೆಕೆಂಡು, ಒಂದೂವರೆ ಸೆಕೆಂಡು."

'ಒಂದು ಸೆಕೆಂಡಲ್ಲಿ ಯಾರು ನಗ್ತಾರೆ? ಕೆಮ್ಮಬಹುದು ಅಷ್ಟೆ. ನಿಂಗೆ ಕಾಯೋಕೇ ಬರಲ್ಲ.'

ನನ್ನನ್ನು ಸರಿಯಾಗಿ ಕೂರಿಸಿ, ಕತೆಯನ್ನು ಮೊದಲಿಂದ ಓಡಿಸಿದರು. ಮಫ್ಲರಿನವನು ಬಂದ, ನಾನು ಕೀ ಒತ್ತಿದೆ. 'ನೀವು ನಂಬಲ್ಲ' ಎಂದು ಪರದೆ ನಿಂತಿತು. ಬೆರಳೆತ್ತಲು ಹೋದೆ. ಚಿಕ್ಕಪ್ಪ ತಮ್ಮ ಕೆಂಪು ಬೆರಳನ್ನು ನನ್ನ ಬೆರಳ ಮೇಲಿಟ್ಟು ಅದುಮಿ ಹಿಡಿದರು. ಅಷ್ಟು ಹೊತ್ತು ಸುಮ್ಮನಿರುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಮೈಯೆಲ್ಲ ಕಡಿಯಿತು. ಏನೋ ಕೆಟ್ಟುಹೋಗಿದೆ, ಯಾರಾದರೂ ಏನಾದರೂ ಹೇಳಿ ಎನ್ನಿಸಿತು. ಆಗ ಕೆಂಪು ದೀಪ ಒಮ್ಮೆ ಮಿಣುಕಿತು. ಮರುಕ್ಷಣವೇ, ನಮ್ಮಿಬ್ಬರ ಬೆರಳೂ ಕೀಯ ಮೇಲೇ ಇದ್ದಂತೆ, ಪರದೆಯಲ್ಲಿ ಡಾಕ್ಟರು ಹೊರಟುಬಂದರು.

ನಾನು ಕುರ್ಚಿಯಿಂದ ಎದ್ದ ರಭಸಕ್ಕೆ ಕಾಫಿ ಲೋಟ ಉರುಳಿತು. "ಗೊತ್ತಾಯ್ತು! ಚಿಕ್ಕಪ್ಪ, ಗೊತ್ತಾಯ್ತು!"

ಆದದ್ದು ಇಷ್ಟೇ. ಉದ್ದದ ಕತೆಗೆ ಟರ್ಮಿನಲ್ಲಿನ ಹೊಟ್ಟೆ ತುಂಬಿ ಅದು ಮೊದಲೇ 'ಸಾಕು' ಎಂದಿರುತ್ತಿತ್ತು. ಆ ಹೊತ್ತಿಗೇ ಚಿಕ್ಕಪ್ಪ 'ತಡಿ' ಎಂದು ಬೆರಳಿಡುತ್ತಿದ್ದರು. ನಾನು ಮಹಾ ಬುದ್ಧಿವಂತೆ, 'ಸಾಕು' ಮತ್ತು 'ತಡಿ' ಎರಡಕ್ಕೂ ಪ್ರೋಗ್ರಾಮಿನಲ್ಲಿ ಒಂದೇ ಗುರುತು ಇಟ್ಟಿದ್ದೆ. ನಿಂತಿದೆಯೇ, ಇಲ್ಲವೇ, ಅಷ್ಟೇ. ಯಾರು ನಿಲ್ಲಿಸಿದರು, ಯಾಕೆ ನಿಲ್ಲಿಸಿದರು ಎಂಬುದನ್ನು ಅದು ನೆನಪಿಡುತ್ತಿರಲಿಲ್ಲ. ಎರಡು ಸೆಕೆಂಡಿನಲ್ಲಿ ಟರ್ಮಿನಲ್ಲಿನ ಹೊಟ್ಟೆ ಖಾಲಿಯಾಗಿ ಅದು 'ಹಾಕಿ' ಎನ್ನುತ್ತಿತ್ತು, ಗುರುತು ಅಳಿಯುತ್ತಿತ್ತು, ಚಿಕ್ಕಪ್ಪನ 'ತಡಿ'ಯೂ ಅದರ ಜೊತೆಗೇ ಹೋಗುತ್ತಿತ್ತು. ನಾನು ಎರಡು ಸೆಕೆಂಡು ಕಾಯುವವಳೇ ಅಲ್ಲವಾದ್ದರಿಂದ ನನಗೆ ಇದು ಒಮ್ಮೆಯೂ ಕಂಡಿರಲಿಲ್ಲ.

ಎರಡು ಗುರುತು ಬೇರೆ ಮಾಡಿದೆ. ಟರ್ಮಿನಲ್ ಸಾಕು ಎಂದಿರಬಾರದು, ಚಿಕ್ಕಪ್ಪ ತಡಿ ಎಂದಿರಬಾರದು, ಆಗ ಮಾತ್ರ ಮುಂದಿನ ಅಕ್ಷರ. ನಾಲ್ಕೈದು ಸಾಲಿನ ಕೆಲಸ. ಚಿಕ್ಕಮ್ಮ ಚೆಲ್ಲಿದ ಕಾಫಿ ಒರೆಸಿ ಮುಗಿಸುವಷ್ಟರಲ್ಲಿ ಆಯಿತು. ಚಿಕ್ಕಪ್ಪ ಬೆರಳಿಟ್ಟರು. ಕೆಂಪು ದೀಪ ಮಿಣುಕಿತು. ಪರದೆ ಅಲುಗಲಿಲ್ಲ. ಬೆರಳಿಟ್ಟುಕೊಂಡೇ ಅವರು ಕಿಟಕಿಯಾಚೆ ನೋಡಿದರು, ಚಿಕ್ಕಮ್ಮನನ್ನು ನೋಡಿದರು, ಇನ್ನೊಂದು ಕೈಯಲ್ಲಿ ಸ್ಕಾರ್ಫ್ ಸರಿಮಾಡಿಕೊಂಡರು. ಪರದೆ ಅಲುಗಲೇ ಇಲ್ಲ. ಅವರ ಭುಜಗಳು ಕುಲುಕತೊಡಗಿದವು. ಸದ್ದಿಲ್ಲದೆ ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. ನನಗೂ ಬಂತು.

ಅಂದು ಸಂಜೆ ಮತ್ತೆ ಬಂದ ಮಂಜಣ್ಣ ಅದೇ ಕತೆಗೆ, ಅದೇ ಜಾಗದಲ್ಲಿ, ಕೊನೆಯ ಮಾತು ಗೊತ್ತಿದ್ದೂ ತಡೆಯಲಾರದೆ, "ಬಿಡಿ ಶೇಷಣ್ಣ, ಬಿಡಿ ಬೆರಳು!" ಎಂದು ಕೂಗಿಕೊಂಡ. ಕರಪತ್ರದಲ್ಲಿ 'ಶೇಷಣ್ಣನ ಮಾತು' ಎಂದೇ ಬಂತು. ಆದರೂ ಹೋಗುವಾಗ ನನಗೆ ಹೇಳಿ ಹೋದ. "ಮನೇಲಿ ನಗೋದೇ ಬೇರೆ, ಪೆಂಡಾಲೇ ಬೇರೆ ಮೇಡಂ. ಯಾವುದಕ್ಕೂ ಇರ್ಲಿ ಅಂತ ಶಾಲು ತಂದಿಟ್ಟಿರ್ತೀನಿ."

ಗಣಪತಿಯ ಮೂರನೆಯ ದಿನ ಸಂಜೆ ಸಣ್ಣಗೆ ಜಿನುಗುತ್ತಿತ್ತು. ಚಿಕ್ಕಪ್ಪ ಹಳೆಯ ಕೆಲಸದ ಕಾಲದ ಕೋಟು ಹಾಕಿ, ಟೈ ಕಟ್ಟಿ, ಮೇಜಿನ ಪಕ್ಕಕ್ಕೆ ಜನರ ಕಡೆ ಮುಖ ಮಾಡಿ ಕೂತರು. ಟರ್ಮಿನಲ್ಲಿನ ಮುಂದೆ ನನ್ನ ಫೋನಿಟ್ಟು, ಅದು ಕಂಡದ್ದನ್ನು ಹಿಂದಿನ ದೊಡ್ಡ ಬಿಳಿ ಪರದೆಯ ಮೇಲೆ ಬೀಳಿಸಿದ್ದೆವು. ನಾನು ಸ್ಟೇಜಿನ ಮೂಲೆಯಲ್ಲಿ ಆ ಕೆಂಪು ದೀಪದ ಪೆಟ್ಟಿಗೆ ಹಿಡಿದು ನಿಂತಿದ್ದೆ. ಮುಂದಿನ ಸಾಲಿನ ಹೆಂಗಸರ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. "ಅಯ್ಯೋ ಪಾಪ, ಹೇಗೆ ಮಾತಾಡೋರು ಅಲ್ವಾ?" ಒಬ್ಬಾಕೆ ಆಗಲೇ ಸೆರಗು ಕಣ್ಣಿಗೆ ತಂದಿದ್ದರು. ಶಾಲು ಬೇಕಾಗುತ್ತದೆಯೇನೋ ಎಂದು ನನಗೂ ಭಯವಾಯಿತು.

ಹಸಿರು ಅಕ್ಷರ ಒಂದೊಂದೇ ಮೂಡತೊಡಗಿತು. 'ಎಲ್ಲರಿಗೂ ನಮಸ್ಕಾರ. ಮಂಜಣ್ಣನ ಮೈಕು ಕೆಟ್ಟಿಲ್ಲ.' ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. 'ಈ ಸಲ ಕೆಟ್ಟಿರೋದು ನಂದು.'

ಯಾರೂ ನಗಲಿಲ್ಲ. ನಗಬಹುದೇ ಎಂದು ಯಾರಿಗೂ ಗೊತ್ತಾಗಲಿಲ್ಲ. ಆಗ ಹಿಂದೆ ಎಲ್ಲೋ ಒಬ್ಬಾತ ಫಕ್ಕನೆ ನಕ್ಕ, ಚಿಕ್ಕಪ್ಪ ಅವನಿಗೆ ಕೈಯೆತ್ತಿ ಸಲಾಮು ಹೊಡೆದರು, ಅದಕ್ಕೆ ಎಲ್ಲರೂ ನಕ್ಕರು. ಸೆರಗು ಕಣ್ಣಿಗೆ ತಂದಾಕೆಯೂ ಸೆರಗಿನೊಳಗೇ ನಕ್ಕರು. ಅಲ್ಲಿಂದ ಗಾಡಿ ಇಳಿಜಾರಿಗೆ ಬಿದ್ದಿತು.

ಕೊನೆಗೆ ದೊಡ್ಡ ಕತೆ. ಅಜ್ಜಿಗೆ ನಕ್ಕರು, ಮದುವೆಯವನಿಗೆ ನಕ್ಕರು. ಮಫ್ಲರ್ ಬಂತು. 'ನೀವ್ಯಾಕೆ ಬಂದಿದೀರಿ ಸ್ವಾಮಿ ಅಂದೆ. ಆಮೇಲೆ ಏನಾಯ್ತು ಅಂದ್ರೆ, ಇವ್ರೇ, ನೀವು ನಂಬಲ್ಲ.' ಬೆರಳು ಬಿತ್ತು. ನನ್ನ ಕೈಯಲ್ಲಿನ ಕೆಂಪು ದೀಪ ಮಿಣುಕಿತು. ಪರದೆ ಕಲ್ಲಿನಂತೆ ನಿಂತಿತ್ತು.

ಇಡೀ ರಸ್ತೆ ಸುಮ್ಮನಾಯಿತು. ಶಾಮಿಯಾನದ ಮೇಲೆ ಮಳೆ ಜಿನುಗುವುದು ಕೇಳಿಸಿತು. ಯಾರೋ ತಡೆಯಲಾರದೆ, "ಅವ್ನು ಹಾಲಿನೋನು!" ಎಂದು ಕೂಗಿದ. ಚಿಕ್ಕಪ್ಪ ಅವನತ್ತ ನೋಡಿ, ಬೆರಳೆತ್ತದೆ, ನಿಧಾನವಾಗಿ ಅಲ್ಲ ಎಂದು ತಲೆಯಾಡಿಸಿದರು. ನಗು ಎದ್ದು ಇಳಿಯಿತು. ಮತ್ತೆ ಮೌನ. ಎಂಟು ತಿಂಗಳಿಂದ ಅವರ ಅರ್ಧ ಪದಕ್ಕೂ ಕಾಯದಿದ್ದ ಜನ, ನಾನೂ ಸೇರಿದಂತೆ, ಬಾಯಿ ತೆರೆದುಕೊಂಡು ಅವರ ಒಂದು ಬೆರಳನ್ನೇ ನೋಡುತ್ತಿದ್ದೆವು. ಅವರು ಕೋಟಿನ ಗುಂಡಿ ಸರಿಮಾಡಿಕೊಂಡರು. ಬೆರಳೆತ್ತಿದರು.

'ನಾ', 'ನಾನೇ', 'ರೀ'. 'ಡಾ' ಬಂದು, ಅದರ ಪಕ್ಕ 'ಕ್' ಬಂದು, ಅದಕ್ಕೆ ಒತ್ತು ಇಳಿಯುವ ಮೊದಲೇ ಪೆಂಡಾಲು ಹಾರಿಹೋಗುವಂಥ ನಗು. ಕಾಂಪೌಂಡರ ಸಾಲು ಯಾರಿಗೂ ಓದಲಾಗಲೇ ಇಲ್ಲ. ಚಿಕ್ಕಪ್ಪ ಬೆರಳಿಟ್ಟು ತಡೆದು, ನಗು ಇಳಿದ ಮೇಲೆ ಮತ್ತೆ ಬಿಟ್ಟರು. ಇನ್ನೊಂದು ಸಲ ಅಷ್ಟೇ ನಗು. ನಾನು ಪೆಟ್ಟಿಗೆ ಹಿಡಿದುಕೊಂಡು ಅಳುತ್ತ ನಗುತ್ತಿದ್ದೆ.

ಮುಗಿದ ಮೇಲೆ ಜನ ಸ್ಟೇಜಿನ ಸುತ್ತ ಮುತ್ತಿಕೊಂಡರು. ಮಂಜಣ್ಣ ಅವರನ್ನೆಲ್ಲ ಸರಿಸಿಕೊಂಡು ಓಡಿಬಂದ. "ಶೇಷಣ್ಣ! ಮುಂದಿನ್ ವರ್ಷ ಇಪ್ಪತ್ತು ನಿಮಿಷ ಎಲ್ಲಾ ಆಗಲ್ಲ. ಅರ್ಧ ಗಂಟೆ! ಈಗ್ಲೇ ಹೇಳ್ಬಿಡ್ತಿದೀನಿ, ಅರ್ಧ ಗಂಟೆ!"

ಚಿಕ್ಕಪ್ಪ ಸ್ಲೇಟಿಗೆ ಕೈಚಾಚಿದರು. ಚಿಕ್ಕಮ್ಮ ಕೊಟ್ಟರು. ಅವರು 'ಮು' ಎಂದು ಬರೆದು ನಿಲ್ಲಿಸಿ, ತಲೆಯೆತ್ತಿ ಎಲ್ಲರನ್ನೂ ನೋಡಿದರು. ಮಂಜಣ್ಣ ಬಾಯಿ ತೆರೆದ, ಏನೂ ಹೇಳದೆ ಮುಚ್ಚಿಕೊಂಡ. ನಾವೆಲ್ಲ ಜಿನುಗುವ ಮಳೆಯಲ್ಲಿ ಬಳಪದ ತುದಿ ನೋಡುತ್ತ ನಿಂತೆವು. ಬೇಕೆಂದೇ ಅವರು ಬಳಪ ಊದಿದರು, ಕೋಟಿನ ತೋಳಿಗೆ ಒರೆಸಿದರು, ಬಹಳ ನಿಧಾನವಾಗಿ ಉಳಿದ ಅಕ್ಷರ ಬರೆದು ಸ್ಲೇಟು ತಿರುಗಿಸಿದರು.

'ಮುಕ್ಕಾಲು.'